ವೆಂಕಟಗಿರಿಯವರು ತಂದ ಬಸ್ಸು

ಬೆಳಿಗ್ಗೆ ಆರಕ್ಕೆ ವೆಂಕಟಗಿರಿಯವರು ಎರಡು ಕಬ್ಬಿಣದ ಮಡಚುವ ಕುರ್ಚಿಗಳನ್ನು ತಂದು ಮನೆಯ ಗೇಟಿನ ಹೊರಗೆ ಹಾಕುತ್ತಿದ್ದರು. ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸುವರು, ಆಮೇಲೆ ಒಣ ಬಟ್ಟೆಯಲ್ಲಿ. ಎರಡನ್ನೂ ರಸ್ತೆಗೆ ಮುಖ ಮಾಡಿ ಪಕ್ಕಪಕ್ಕ ಇಡುವರು. ಎಡಗಡೆಯದು ಅವರದು, ಬಲಗಡೆಯದು ಬಂದವರದು. ಯಾರೂ ಬರದಿದ್ದರೂ ಏಳೂವರೆಯವರೆಗೆ ಆ ಬಲಗಡೆಯ ಕುರ್ಚಿ ಖಾಲಿಯೇ ಇರಬೇಕು. ಅದರ ಮೇಲೆ ಪೇಪರು ಇಡುವಂತಿಲ್ಲ, ಹಾಲಿನ ಪಾತ್ರೆ ಇಡುವಂತಿಲ್ಲ. ಮಳೆ ಬಂದರೆ ಕುರ್ಚಿಗಳು ಸಜ್ಜದ ಕೆಳಗೆ ಸರಿಯುತ್ತಿದ್ದವು, ಅಷ್ಟೇ. ಚಿಕೂನ್‌ಗುನ್ಯ ಬಂದು ಕೈಕಾಲು ಗಂಟು ಕಟ್ಟಿದ್ದ ವಾರದಲ್ಲಿಯೂ ಶಾಲು ಹೊದ್ದು ಕೂತಿದ್ದನ್ನು ನಮ್ಮ ಬಡಾವಣೆಯವರೆಲ್ಲ ನೋಡಿದ್ದಾರೆ.

"ಎದುರುಬದುರು ಕೂತ್ರೆ ಬಂದೋರಿಗೆ ಭಯ ಆಗುತ್ತೆ. ಅರ್ಧ ಮಾತು ನುಂಗಿಬಿಡ್ತಾರೆ. ಪಕ್ಕದಲ್ಲಿ ಕೂತು ರಸ್ತೆ ನೋಡ್ತಾ ಇದ್ರೆ ಮಾತು ತಾನಾಗೇ ಬರುತ್ತೆ," ಎನ್ನುತ್ತಿದ್ದರು.

ಬಂದವರನ್ನು ಬಲಗಡೆಗೇ ಕೂರಿಸುವುದಕ್ಕೆ ಇನ್ನೊಂದು ಕಾರಣವಿತ್ತು. ಅವರ ಎಡಗಿವಿ ಪೂರ್ತಿ ಕೇಳುತ್ತಿರಲಿಲ್ಲ. "ಅದನ್ನ ಮಗ್ಗಕ್ಕೆ ದಾನ ಕೊಟ್ಟಿದೀನಿ, ಬಲಗಿವಿ ಮಾತ್ರ ಮನೆಗೆ ತಂದೆ," ಎಂದು ನಗುವರು.

ಅವರ ತಾತ ಆಂಧ್ರದ ವೆಂಕಟಗಿರಿಯ ನೇಕಾರರು. ಮಿಲ್ಲಿನ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದವರು, ಮೊಮ್ಮಗನಿಗೆ ಊರಿನ ಹೆಸರನ್ನೇ ಇಟ್ಟರು. ಬಿನ್ನಿಪೇಟೆಯ ಒಂದು ವಠಾರದಲ್ಲಿ ಹುಟ್ಟಿ ಬೆಳೆದ ಹುಡುಗ ಹದಿನೆಂಟಕ್ಕೆ ಬಟ್ಟೆ ಮಿಲ್ಲಿನ ನೇಯ್ಗೆ ವಿಭಾಗ ಸೇರಿ, ಅಲ್ಲೇ ಮೂವತ್ತಮೂರು ವರ್ಷ ಕಳೆದರು. ಮುನ್ನೂರು ಮಗ್ಗ ಒಟ್ಟಿಗೆ ಬಡಿಯುವ ಕಡೆ ಕೂಗಿದರೂ ಕೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಒಬ್ಬರ ತುಟಿ ನೋಡಿ ಇನ್ನೊಬ್ಬರು ಮಾತು ತಿಳಿದುಕೊಳ್ಳುತ್ತಾರೆ. ಹೀಗೆ ಕಲಿತ ವಿದ್ಯೆ ವೆಂಕಟಗಿರಿಯವರಿಗೆ ಕೊನೆಯವರೆಗೂ ಹೋಗಲಿಲ್ಲ. ಹೆಂಡತಿ ಸತ್ಯವತಿಯವರು ಅಡುಗೆಮನೆ ಬಾಗಿಲಲ್ಲಿ ನಿಂತು ದನಿಯೇ ಇಲ್ಲದೆ ತುಟಿ ಆಡಿಸಿದರೆ, ಇವರು ಗೇಟಿನಿಂದಲೇ "ಕೊತ್ತಂಬರಿ ಮಾತ್ರಾನಾ, ಹಸಿಮೆಣಸಿನಕಾಯೂ ಬೇಕಾ?" ಎಂದು ಕೇಳುವರು.

ಮಿಲ್ಲಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡ ಮೇಲೆ ಕೆಂಗೇರಿಯಾಚೆ ನಮ್ಮ ಹೊಂಗೆತೋಪು ಬಡಾವಣೆಯಲ್ಲಿ ಮನೆ ಕಟ್ಟಿಸಿದರು. ಆಗ ಇಲ್ಲಿ ಇದ್ದದ್ದು ಇಪ್ಪತ್ತೋ ಇಪ್ಪತ್ತೈದೋ ಮನೆ. ಒಬ್ಬಳೇ ಮಗಳು ಮದುವೆಯಾಗಿ ತುಮಕೂರಿಗೆ ಹೋದಳು. ಗಂಡ ಹೆಂಡತಿ ಇಬ್ಬರೇ. ಅರ್ಜಿ ಬರೆಯಬೇಕಾದವರು, ಜಗಳ ಆಡಿದವರು, ಸುಮ್ಮನೆ ಯಾರೊಂದಿಗಾದರೂ ಹೇಳಿಕೊಳ್ಳಬೇಕು ಎನ್ನಿಸಿದವರು ಅವರ ಮನೆಗೆ ಬರುವುದು ಅಭ್ಯಾಸವಾಯಿತು. ಎರಡು ಕುರ್ಚಿಯ ಪದ್ಧತಿ ಶುರುವಾದದ್ದು ಆವಾಗಲೇ.

೨೦೦೧ರಲ್ಲಿ ಪುರಸಭೆಯ ಚುನಾವಣೆ ಬಂದಾಗ ನಮ್ಮ ಬಡಾವಣೆಯದೇ ಒಂದು ವಾರ್ಡ್ ಆಯಿತು. ಚಕ್ರಪಾಣಿಯವರು ನಿಂತರು. ದೊಡ್ಡ ದಿನಸಿ ಅಂಗಡಿ ಇಟ್ಟವರು, ಬಡಾವಣೆಯ ಕೊನೆಯಲ್ಲಿ ಎರಡು ಮೂಲೆ ಸೈಟು ಇದ್ದವರು, ಮಾತಿಗೆ ಮುಂದು. ಪ್ರತಿ ಶನಿವಾರ ಆಂಜನೇಯನ ಗುಡಿಯಲ್ಲಿ ವಡೆಮಾಲೆ ಹಾಕಿಸುವ ಭಕ್ತರು ಕೂಡ. ಅವರಿಗೆ ಎದುರಾಗಿ ನಿಲ್ಲಲೇಬೇಕೆಂದು ನಮ್ಮ ಕಡೆಯ ಬೀದಿಯವರು ವೆಂಕಟಗಿರಿಯವರ ಬೆನ್ನು ಬಿದ್ದರು. ಪಕ್ಷ ಇಲ್ಲ, ಬ್ಯಾನರ್ ಇಲ್ಲ, ಚಿಹ್ನೆ ಸೀಲಿಂಗ್ ಫ್ಯಾನ್. ಚಕ್ರಪಾಣಿಯವರದು ಹೊಲಿಗೆ ಯಂತ್ರ. "ಫ್ಯಾನು ತಿರುಗೋಕೆ ಕರೆಂಟೇ ಇಲ್ವಲ್ಲ ಈ ಏರಿಯಾದಲ್ಲಿ!" ಎಂದು ಚಕ್ರಪಾಣಿಯವರು ಭಾಷಣ ಮಾಡಿದರೆ ವೆಂಕಟಗಿರಿಯವರೂ ನಿಂತು ಚಪ್ಪಾಳೆ ತಟ್ಟಿದರು.

ಮತ ಹಾಕಿ ಬಂದ ಮಧ್ಯಾಹ್ನ ಊಟಕ್ಕೆ ಕೂತಾಗ ಸತ್ಯವತಿಯವರು ಸುಮ್ಮನೆ ಕೇಳಿದರು, "ಸೀಲು ಸರಿಯಾಗಿ ಬಿತ್ತಾ?"

"ಬಿತ್ತು. ಚಕ್ರಪಾಣಿಯವರ ಮಿಷಿನ್ ಮೇಲೆ."

ಸೌಟು ಕೈಯಲ್ಲೇ ನಿಂತಿತು. "ಏನಂದ್ರಿ?"

"ಮದುವೆ ಮನೇಲಿ ತನ್ನ ಎಲೆಗೆ ತಾನೇ ಬಡಿಸ್ಕೊಳ್ತಾರಾ, ಸತ್ಯ? ಬೇರೆಯವರು ಬಡಿಸಿದ್ರೆ ಊಟ. ನನ್ನ ಹೆಸರಿಗೆ ನಾನೇ ಸೀಲು ಒತ್ತೋಕೆ ಕೈ ಬರ್ಲಿಲ್ಲ."

"ಇದು ಪಂಕ್ತಿ ಊಟ ಅಲ್ಲ ಕಣ್ರೀ, ಎಲೆಕ್ಷನ್ನು! ಬಿಸಿಲಲ್ಲಿ ನಿಂತು ನಿಮಗೆ ಹಾಕಿ ಬಂದ್ರಲ್ಲ ಅಷ್ಟು ಜನ, ಅವರಿಗೇನು ಹೇಳ್ತೀರಿ?"

ಅವರು ಇದನ್ನು ಯಾರಿಗೂ ಹೇಳಕೂಡದೆಂದು ಮಾತ್ರ ಮಾತು ತೆಗೆದುಕೊಂಡರು. ಈ ಸಂಗತಿ ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಸತ್ಯವತಿಯವರು ಒಂದು ಸಂಜೆ ಹೂ ಕಟ್ಟುತ್ತಾ ಹೇಳಿದಾಗ.

ಎಣಿಕೆಯ ದಿನ ಇಬ್ಬರಿಗೂ ಮುನ್ನೂರ ಹದಿನೆಂಟು ಬಂತು. ಮೂರು ಸಲ ಎಣಿಸಿದರೂ ಅಷ್ಟೇ. ಕಾನೂನಿನ ಪ್ರಕಾರ ಚೀಟಿ ಎತ್ತಬೇಕು. ಅಧಿಕಾರಿ ಎರಡು ಹೆಸರು ಬರೆದು, ಮಡಚಿ, ಯಾರದೋ ಸ್ಟೀಲಿನ ಊಟದ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸಿ, ಕಣ್ಣು ಮುಚ್ಚಿ ಒಂದನ್ನು ಎತ್ತಿದರು. ವೆಂಕಟಗಿರಿ ಎಂದಿತ್ತು.

ಚಕ್ರಪಾಣಿಯವರು ಅಂದು ಮೈಸೂರು ರಸ್ತೆಯಿಂದ ಬಡಾವಣೆಯ ಕೊನೆಯ ತಮ್ಮ ಮನೆಯವರೆಗೆ ಒಬ್ಬರೇ ನಡೆದುಕೊಂಡು ಹೋದರು. ಆ ವಾರದ ಶನಿವಾರ ಆಂಜನೇಯನ ಗುಡಿಗೆ ಹೋಗಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಅರ್ಚಕರು ಮನೆಗೇ ಬಂದು ವಿಚಾರಿಸಿದರೆ, "ಅವನೇ ಮುಖ ತಿರುಗಿಸಿದ ಮೇಲೆ ನಾನು ಹೋಗಿ ಏನು ನೋಡ್ಲಿ?" ಎಂದರಂತೆ. ವೆಂಕಟಗಿರಿಯವರಿಗೆ ಅವರಿಟ್ಟ ಹೆಸರು 'ಚೀಟಿ ಮೆಂಬರ್'. ನನ್ನ ಗೇಟು ದಾಟಿ ಒಳಗೆ ಬರಬೇಡಿ ಎಂದು ಹೇಳಿ ಕಳಿಸಿದ್ದೂ ಆಯಿತು.

ಮೆಂಬರ್ ಆಗಿ ಅವರು ದೊಡ್ಡದೇನೂ ಮಾಡಲಿಲ್ಲ. ಹದಿನಾಲ್ಕು ಬೀದಿದೀಪ ಹಾಕಿಸಿದರು, ಶಾಲೆಯ ಮುಂದಿನ ಚರಂಡಿಗೆ ಚಪ್ಪಡಿ ಹಾಸಿಸಿದರು, ಜಗಳಾಡಿದ ಇಬ್ಬರು ಅಣ್ಣತಮ್ಮಂದಿರನ್ನು ಒಂದೇ ನಲ್ಲಿಗೆ ಒಪ್ಪಿಸಿದರು. ಪುರಸಭೆಯ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಕೂತು ಅಷ್ಟು ದೂರದ ತುಟಿಗಳನ್ನು ಓದಿಬಿಡುತ್ತಾರೆಂಬ ಸುದ್ದಿ ಹಬ್ಬಿ, ಉಳಿದ ಮೆಂಬರುಗಳು ಗುಟ್ಟು ಮಾತನಾಡುವಾಗ ಬಾಯಿಗೆ ಫೈಲು ಅಡ್ಡ ಹಿಡಿಯುತ್ತಿದ್ದರು. "ಫೈಲು ಕೆಳಗಿಡಿ, ನನ್ನ ಕಣ್ಣಿಗೆ ಪೊರೆ ಬಂದಿದೆ," ಎಂದು ಇವರು ಸುಳ್ಳು ಹೇಳುವರು. ಸಭೆಯೆಲ್ಲ ನಗುವುದು.

ಗುರವ್ವ ಅವರ ಬಲಗಡೆಯ ಕುರ್ಚಿಯಲ್ಲಿ ಕೂತದ್ದು ೨೦೦೫ರ ಒಂದು ಭಾನುವಾರ. ಬಾದಾಮಿ ಕಡೆಯವಳು. ಗಾರೆ ಕೆಲಸದ ಗಂಡನಿಗೆ ಶ್ವಾಸದ ಕಾಯಿಲೆ ಹಿಡಿದು ಮನೆಯಲ್ಲಿ ಮಲಗಿದ ಮೇಲೆ, ಇವಳೇ ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸಿಗೆ ಸೇರಿದ್ದಳು. ನಮ್ಮ ಬಡಾವಣೆಯ ಕೊನೆಗೆ, ಚಕ್ರಪಾಣಿಯವರ ಸೈಟಿನ ಆಚೆಯ ಶೀಟಿನ ಮನೆಗಳಲ್ಲಿ ಅವಳಂಥ ಹೆಂಗಸರು ಮೂವತ್ತು ಜನ ಇದ್ದರು. ಮೊದಲು ಕುರ್ಚಿಯಲ್ಲಿ ಕೂರಲು ಒಪ್ಪದೆ ನೆಲ ನೋಡಿದಳು. ವೆಂಕಟಗಿರಿಯವರು ತಾವೂ ಎದ್ದು ನಿಂತುಬಿಟ್ಟರು. ಆಗ ಕೂತಳು.

"ಏನಿಲ್ರಿ ಮೆಂಬರಣ್ಣಾರ. ಗೇಟಿಂದು ಚಿಂತಿ."

"ಯಾವ ಗೇಟಮ್ಮ?"

"ಫ್ಯಾಕ್ಟರಿ ಗೇಟ್ರಿ. ಎಂಟು ಹದಿನೈದಕ್ಕ ಮುಚ್ಚತಾರ. ಒಂದ್ ನಿಮಿಷ ತಡಾ ಆದ್ರೂ ವಾಪಸ್. ಅವತ್ತಿಂದು ಪಗಾರ ಇಲ್ಲ. ತಿಂಗಳಿಗೆ ಮೂರು ಸಲ ಆತಂದ್ರ ಕೆಲಸಾನ ಇಲ್ಲ. ಇಲ್ಲಿಂದ ಮೇನ್ ರೋಡಿಗೆ ಅರ್ಧ ತಾಸು ನಡೀತೀವ್ರಿ. ಬಸ್ಸು ಅಲ್ಲಿಗೆ ಬರೂದ್ರಾಗ ತುಂಬಿರತೈತಿ. ನಮ್ಮನ್ನ ನೋಡಿ ನಿಲ್ಲಸೂದಿಲ್ಲ."

ಆಮೇಲೆ ಹೇಳಿದಳು, "ನನ್ನ ಮಗಳು ಶಿಲ್ಪಾ ಸಾಲ್ಯಾಗ ಚಲೋ ಓದ್ತಾಳ್ರಿ. ನನ್ನ ಕೆಲಸ ಹೋತಂದ್ರ ಆಕಿನ್ನ ಸಾಲಿ ಬಿಡಿಸಿ ಮಷಿನ್ನಿಗೆ ಕುಂದ್ರಸಬೇಕು. ಬ್ಯಾರೆ ದಾರಿ ಇಲ್ಲ."

ವೆಂಕಟಗಿರಿಯವರು ರಸ್ತೆಯನ್ನೇ ನೋಡುತ್ತಾ ಕೂತಿದ್ದರು. ಮಿಲ್ಲಿನ ಗೇಟಿನ ಹೊರಗೆ ನಿಲ್ಲುವುದೆಂದರೆ ಏನೆಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ. "ಬಸ್ಸನ್ನ ಒಳಗೇ ತರ್ತೀನಮ್ಮ," ಎಂದುಬಿಟ್ಟರು.

ಸತ್ಯವತಿಯವರು ಆಮೇಲೆ ರೇಗಿದರು. "ನೋಡ್ತೀನಿ ಅನ್ಬೇಕಿತ್ತು. ಪ್ರಯತ್ನ ಪಡ್ತೀನಿ ಅನ್ಬೇಕಿತ್ತು. ಎಲ್ಲಾ ಮೆಂಬರ್ರೂ ಹಾಗೇ ಅನ್ನೋದು. ತರ್ತೀನಿ ಅಂತ ಯಾರಾದ್ರೂ ಅಂತಾರಾ?"

"ಬಾಯಿಂದ ಹಾಗೇ ಬಂತು," ಎಂದರು ಅವರು.

ಡಿಪೋದಲ್ಲಿ ಅವರನ್ನು ಮರ್ಯಾದೆಯಿಂದಲೇ ಕಂಡರು. ಬೆಳಿಗ್ಗೆ ಆರೂ ನಲವತ್ತಕ್ಕೆ ಬಡಾವಣೆಯ ಕೊನೆಯಿಂದ ಹೊರಟು ನಾಯಂಡಹಳ್ಳಿ, ಸುಮನಹಳ್ಳಿ ಮೇಲೆ ಕಾಮಾಕ್ಷಿಪಾಳ್ಯಕ್ಕೆ ಒಂದು ಬಸ್ಸು ಬಿಡಲು ಅವರಿಗೆ ಅಡ್ಡಿಯಿರಲಿಲ್ಲ. "ಆದ್ರೆ ತಿರುಗೋದೆಲ್ಲಿ ಸಾರ್?" ಎಂದು ಮ್ಯಾನೇಜರು ಕೇಳಿದರು. "ನಮ್ಮ ಡ್ರೈವರ್ರು ಎರಡು ಕಿಲೋಮೀಟ್ರು ರಿವರ್ಸ್ ಹೊಡ್ಕೊಂಡು ಬರ್ತಾರಾ? ಜಾಗ ತೋರ್ಸಿ, ಬಸ್ಸು ಕಳಿಸ್ತೀನಿ."

ನಮ್ಮ ರಸ್ತೆ ಕೊನೆಯಲ್ಲಿ ರಾಜಕಾಲುವೆಗೆ ಹೋಗಿ ನಿಲ್ಲುತ್ತದೆ. ಎಡಕ್ಕೆ ಕಾಲುವೆ, ಬಲಕ್ಕೆ ಚಕ್ರಪಾಣಿಯವರ ಮನೆ, ಮನೆಗೆ ಅಂಟಿದಂತೆ ಅವರ ಖಾಲಿ ಮೂಲೆ ಸೈಟು. ವೆಂಕಟಗಿರಿಯವರು ಒಂದು ಭಾನುವಾರ ಟೇಪು, ಹಗ್ಗ, ಹೆಂಡತಿಯ ರಂಗೋಲಿ ಡಬ್ಬ ಹಿಡಿದು ಹೋದರು. ಹಗ್ಗದ ತುದಿಗೆ ತಾವೇ ಬಸ್ಸಿನಂತೆ ಸುತ್ತು ಹೊಡೆದು ರಂಗೋಲಿ ಉದುರಿಸಿದರು. ಶೀಟಿನ ಮನೆಯ ಮಕ್ಕಳು ಹಿಂದೆ ಹಿಂದೆ ಹಾರ್ನ್ ಮಾಡುತ್ತಾ ಓಡಿದವು. ಹೇಗೆ ಸುತ್ತಿದರೂ ಗೆರೆ ಚಕ್ರಪಾಣಿಯವರ ಸೈಟಿನೊಳಗೆ ಹದಿನೆಂಟು ಅಡಿ ಹೋಗಿಯೇ ಬರುತ್ತಿತ್ತು.

ಮಾರನೆಯ ಬೆಳಿಗ್ಗೆ ಚಕ್ರಪಾಣಿಯವರ ಕೂಗು ಮೂರನೇ ಕ್ರಾಸಿಗೆ ಕೇಳಿಸಿತು. "ನನ್ನ ಸೈಟೊಳಗೆ ರಂಗೋಲಿ ಹಾಕ್ದೋರ್ಯಾರ್ರೀ? ಇಲ್ಲೇನು ಹಸೆಮಣೆ ಇಟ್ಟಿದಾರಾ?"

ವೆಂಕಟಗಿರಿಯವರು ಗೇಟಿನ ಹೊರಗೇ ನಿಂತು ವಿಷಯ ಹೇಳಿದರು.

"ಓಹೋ, ಚೀಟಿ ಮೆಂಬರ್ರು! ಅದಕ್ಕೂ ಒಂದು ಚೀಟಿ ಎತ್ತಿ ಸ್ವಾಮಿ. ಡಬ್ಬಿ ಬೇಕಾದ್ರೆ ನಮ್ಮ ಮನೆಯಿಂದ್ಲೇ ಕೊಡ್ತೀನಿ. ಜಾಗ ಮಾತ್ರ ಇಲ್ಲ."

ಅದಾದ ಮೇಲೆ ವೆಂಕಟಗಿರಿಯವರು ನಾಲ್ಕು ಸಲ ಹೋದರು. ಬೆಲೆ ಕೇಳಿದರೆ ಚಕ್ರಪಾಣಿಯವರು ಮಾರುವುದಿಲ್ಲ ಎಂದರು. ಸುತ್ತಿನ ಮಾಪನ ತೋರಿಸಿದರೆ ನೋಡಲಿಲ್ಲ. ಊರ ಹಿರಿಯರನ್ನು ಕಳಿಸಿದರೆ ಕಾಫಿ ಕೊಟ್ಟು ಕಳಿಸಿದರು. ಪುರಸಭೆಯೇ ಜಾಗ ವಶಪಡಿಸಿಕೊಳ್ಳಬಹುದಿತ್ತು, ಆದರೆ ಅದಕ್ಕೆ ವರ್ಷಗಳು ಹಿಡಿಯುತ್ತವೆ. ೨೦೦೬ ಮುಗಿಯುವ ಹೊತ್ತಿಗೆ ವರ್ಷಗಳು ಯಾರ ಹತ್ತಿರವೂ ಇರಲಿಲ್ಲ. ಸುತ್ತಲಿನ ಊರುಗಳನ್ನೆಲ್ಲ ಸೇರಿಸಿ ಬೆಂಗಳೂರನ್ನು ದೊಡ್ಡದು ಮಾಡುತ್ತಾರೆ, ಪುರಸಭೆಗಳು ಇನ್ನಿರುವುದಿಲ್ಲ ಎಂಬುದು ಖಚಿತವಾಗಿತ್ತು. ಜನವರಿಯಲ್ಲಿ ಕೊನೆಯ ಸಭೆ. ಅದರಲ್ಲಿ ನಿರ್ಣಯ ಆಗದಿದ್ದರೆ ಹೊಂಗೆತೋಪಿನ ಬಸ್ಸು ಅಷ್ಟು ದೊಡ್ಡ ಪಟ್ಟಣದಲ್ಲಿ ಯಾವ ಮೇಜಿನ ಮೇಲೆ ಬೀಳುತ್ತದೋ, ಯಾವಾಗ ಏಳುತ್ತದೋ.

ಡಿಸೆಂಬರಿನಲ್ಲಿ ಗುರವ್ವ ಎರಡು ಸಲ ಗೇಟಿನಿಂದ ವಾಪಸು ಬಂದಳು. ಎರಡನೆಯ ಸಲ ಮನೆಗೆ ಹೋಗದೆ ನೇರವಾಗಿ ಬಂದು ವೆಂಕಟಗಿರಿಯವರ ಮೆಟ್ಟಿಲ ಮೇಲೆ ಕೂತಳು. ಅಳಲಿಲ್ಲ. ಸತ್ಯವತಿಯವರು ಕೊಟ್ಟ ಕಾಫಿ ಕುಡಿದು, ಲೋಟ ತಾನೇ ತೊಳೆದಿಟ್ಟು, "ಶಿಲ್ಪಾಗ ಹೇಳೀನ್ರಿ, ಪರೀಕ್ಷಿ ಇರ್ಲಿ, ಸಂಕ್ರಾಂತಿ ಮ್ಯಾಲ ನನ್ ಕೂಡ ಬಾ ಅಂತ. ಮೂರ್ನೇ ಸಲ ಆಗೂದ್ರಾಗ ಆಕಿ ಕೆಲಸ ಕಲೀಲಿ," ಎಂದು ಹೇಳಿ ಹೋದಳು. ಬಸ್ಸಿನ ಮಾತು ಎತ್ತಲೇ ಇಲ್ಲ.

ಅಂದು ವೆಂಕಟಗಿರಿಯವರು ಮಧ್ಯಾಹ್ನದ ಊಟ ಬಿಟ್ಟರು.

ಅದು ಧನುರ್ಮಾಸ. ಎರಡು ದಿನ ಬಿಟ್ಟು ಸತ್ಯವತಿಯವರು ಬೆಳಗಿನ ಪೂಜೆ ಮುಗಿಸಿ, ನೈವೇದ್ಯದ ಹುಗ್ಗಿಯನ್ನು ಒಂದು ಡಬ್ಬಿಗೆ ತುಂಬಿ, ಸೆರಗು ಹೊದ್ದು ಹೊರಟರು. "ಚಕ್ರಪಾಣಿಯವರ ಮನೆಗೆ ಪ್ರಸಾದ ಕೊಟ್ಟು ಬರ್ತೀನಿ. ನೀವೂ ಬನ್ನಿ."

"ನನಗೆ ಆ ಗೇಟು ದಾಟೋ ಹಾಗಿಲ್ಲ."

"ಹೊರಗೇ ನಿಂತ್ಕೊಳ್ಳಿ. ನನಗೆ ಆ ಮನೆ ನಾಯಿ ಕಂಡ್ರೆ ಭಯ."

ನಾಯಿ ಹೋದ ವರ್ಷವೇ ಸತ್ತಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಹೋದರು.

ಗೇಟಿನ ಹೊರಗೆ ನಿಂತ ವೆಂಕಟಗಿರಿಯವರಿಗೆ ತೆರೆದ ಬಾಗಿಲಿನಿಂದ ನಡುಮನೆ ಪೂರ್ತಿ ಕಾಣುತ್ತಿತ್ತು. ಚಕ್ರಪಾಣಿಯವರು ಈ ಕಡೆ ಬೆನ್ನು ಮಾಡಿ ಕೂತಿದ್ದರು. ಸತ್ಯವತಿಯವರು ಡಬ್ಬಿ ಕೊಟ್ಟರು. ಪ್ರಸಾದ ಎಂದರು. ಜಾಗದ ವಿಷಯ ಎಂದರು. ಚಕ್ರಪಾಣಿಯವರ ತಲೆ ಅಡ್ಡಡ್ಡ ಆಡಿತು, ಕೈ ಎತ್ತಿ ಏನೋ ಹೇಳಿದರು, ಬಹುಶಃ ಚೀಟಿಯ ಮಾತು. ಆಗ ಸತ್ಯವತಿಯವರ ಮುಖ ಕೆಂಪಾಯಿತು. ಅಲ್ಲಿಂದ ಮುಂದೆ ಅವರ ತುಟಿಯ ಮೇಲೆ ಬಂದ ಒಂದೊಂದು ಮಾತನ್ನೂ ಇವರು ಓದಿದರು.

"ನಿಮಗೇ. ಹೂಂ, ನಿಮಗೇ ಕಣ್ರೀ ಓಟು ಹಾಕಿ ಬಂದದ್ದು ಆ ಮನುಷ್ಯ! ತನ್ನ ಎಲೆಗೆ ತಾನು ಬಡಿಸ್ಕೊಳ್ಳಲ್ಲ ಅಂತ. ಚೀಟಿಯಂತೆ ಚೀಟಿ. ಅವರು ನೆಟ್ಟಗೆ ತಮಗೇ ಹಾಕ್ಕೊಂಡಿದ್ರೆ ನಿಮ್ಮ ಚೀಟಿ ಎಲ್ಲಿರ್ತಿತ್ತು?"

ಬೇಡ ಎಂದು ವೆಂಕಟಗಿರಿಯವರು ಗೇಟಿನಿಂದ ಕೈ ಆಡಿಸಿದರು. ಸತ್ಯವತಿಯವರು ನೋಡಿದರು, ನೋಡಿಯೂ ಹೇಳಿ ಮುಗಿಸಿದರು.

ಚಕ್ರಪಾಣಿಯವರು ಎದ್ದು ಹೊರಗೆ ಬಂದರು. ಕಾಲಿಗೆ ಚಪ್ಪಲಿ ಇಲ್ಲ. ಗೇಟಿನ ಒಳಗಡೆ ನಿಂತು ಕಂಬಿ ಹಿಡಿದುಕೊಂಡರು. ತುಟಿ ಏನೋ ಲೆಕ್ಕ ಹಾಕುತ್ತಿತ್ತು.

"ಮುನ್ನೂರ ಹತ್ತೊಂಬತ್ತು," ಎಂದರು. "ನಿಮಗೆ ಮುನ್ನೂರ ಹತ್ತೊಂಬತ್ತು, ನನಗೆ ಮುನ್ನೂರ ಹದಿನೇಳು. ನಾನು ಎರಡು ಓಟಿಗೆ ಸೋತಿದೀನಿ."

"ಸೋತಿಲ್ಲ ನೀವು. ಸಮ ಆಗಿತ್ತು."

"ಸುಮ್ನಿರಿ ಸ್ವಾಮಿ! ಐದು ವರ್ಷ ಆ ಚೀಟೀನ ಬೈಕೊಂಡಿದೀನಿ ನಾನು. ಹನುಮಪ್ಪನ್ನ ಬೈಕೊಂಡಿದೀನಿ. ಜನ ಸಮಾ ಮಾಡಿದ್ರು, ಅವನೇ ಕೈಯಾರೆ ನನ್ನ ಚೀಟಿ ಪಕ್ಕಕ್ಕೆ ತಳ್ಳಿದ ಅಂತ. ಜನ ಸೋಲ್ಸಿದ್ರೆ ತಡ್ಕೋಬೋದು ರೀ. ದೇವರು ಸೋಲ್ಸಿದ್ರೆ ಎಲ್ಲಿಗೆ ಹೋಗ್ಲಿ?"

ವೆಂಕಟಗಿರಿಯವರ ಮುಖ ಬಾಡಿತು. ತಮ್ಮ ಒಳ್ಳೆಯತನ ಎಂದುಕೊಂಡಿದ್ದದ್ದು ಒಬ್ಬ ಮನುಷ್ಯನನ್ನು ಐದು ವರ್ಷ ಗುಡಿಯ ಮೆಟ್ಟಿಲಿನಿಂದ ದೂರ ಇಟ್ಟಿತ್ತೆಂದು ಅವರಿಗೆ ಆ ಕ್ಷಣದವರೆಗೆ ಹೊಳೆದಿರಲಿಲ್ಲ. "ತಪ್ಪಾಯ್ತು ಚಕ್ರಪಾಣಿಯವರೇ," ಎಂದರು. "ನಿಮಗೂ ತಪ್ಪು ಮಾಡ್ದೆ, ನನಗೆ ಹಾಕಿದೋರಿಗೂ ತಪ್ಪು ಮಾಡ್ದೆ. ಅವತ್ತೇ ಹೇಳ್ಬೇಕಿತ್ತು."

ಚಕ್ರಪಾಣಿಯವರು ಅವರನ್ನೇ ನೋಡಿದರು. ಆಮೇಲೆ ಹೊಟ್ಟೆ ಕುಲುಕಿ ನಗು ಬಂತು. "ಎಲೆಗೆ ಬಡಿಸ್ಕೊಳ್ಳಲ್ಲ ಅಂದ್ರಾ? ನನಗೇನಾದ್ರೂ ಎರಡು ಸಲ ಬಡಿಸ್ಕೊಳೋ ಹಾಗಿದ್ದಿದ್ರೆ ಎರಡು ಸಲಾನೂ ಬಡಿಸ್ಕೊಂಡಿರ್ತಿದ್ದೆ ಕಣ್ರೀ!" ನಗುತ್ತಲೇ ಕಣ್ಣು ಒರೆಸಿಕೊಂಡರು. ಜಾಗದ ಬಗ್ಗೆ ಏನೂ ಹೇಳದೆ ಒಳಗೆ ಹೋದರು. ಬಾಗಿಲು ಮಾತ್ರ ಹಾಕಲಿಲ್ಲ.

ಶನಿವಾರ ಗುಡಿಯಲ್ಲಿ ವಡೆಮಾಲೆ ಇತ್ತು. ನಮಗೆಲ್ಲ ಎರಡೆರಡು ವಡೆ ಸಿಕ್ಕಿತು, ಮೆಣಸು ಸ್ವಲ್ಪ ಜಾಸ್ತಿಯೇ ಇತ್ತು. ಚಕ್ರಪಾಣಿಯವರು ಮಂಗಳಾರತಿ ಮುಗಿದ ಮೇಲೂ ಕಂಬಕ್ಕೆ ಒರಗಿ ಬಹಳ ಹೊತ್ತು ಕೂತಿದ್ದರು. 

ಭಾನುವಾರ ಬೆಳಿಗ್ಗೆ ಅವರೇ ಬಂದು ಬಲಗಡೆಯ ಕುರ್ಚಿಯಲ್ಲಿ ಕೂತರು. "ಹದಿನೆಂಟಡಿ ಅಂದ್ರಿ ಅಲ್ವಾ? ಬನ್ನಿ, ಅಳೀರಿ. ನಿಮ್ಮಾಕೆ ರಂಗೋಲಿ ಡಬ್ಬ ತರೋದು ಮರೀಬೇಡಿ. ಹದಿನೆಂಟರ ಮೇಲೆ ಒಂದಿಂಚು ಹೋದ್ರೂ ನಾನು ಒಪ್ಪಲ್ಲ, ಆಮೇಲೆ ಹೇಳಿಲ್ಲ ಅನ್ಬೇಡಿ."

ಜನವರಿಯ ಕೊನೆಯ ಸಭೆಯಲ್ಲಿ ಯಾರ ಬಾಯಿಗೂ ಫೈಲು ಅಡ್ಡ ಇರಲಿಲ್ಲ. ಮುಚ್ಚಿಡುವಂಥ ಮಾತು ಯಾರಲ್ಲಿಯೂ ಉಳಿದಿರಲಿಲ್ಲ. ಚಕ್ರಪಾಣಿಯವರು ಜಾಗ ಬಿಟ್ಟುಕೊಡುವ ಪತ್ರವನ್ನು ತಾವೇ ತಂದು ಕೊಟ್ಟು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅಧ್ಯಕ್ಷರು ಪತ್ರವನ್ನು ಒಂದು ಸಲ ಓದಿ, "ನಾಳೆಯಿಂದ ನಾವ್ಯಾರೂ ಮೆಂಬರ್ರಲ್ಲ. ಇದೊಂದು ಕೆಲಸ ಮಾಡಿ ಎದ್ದು ಹೋಗೋಣ," ಎಂದರು. ಎಲ್ಲರೂ ಕೈ ಎತ್ತಿದರು. ಆಮೇಲೆ ಬೋಂಡ, ಕಾಫಿ, ಒಂದು ಗುಂಪು ಫೋಟೋ. ಆ ಫೋಟೋದಲ್ಲಿ ವೆಂಕಟಗಿರಿಯವರು ಕೊನೆಯ ಸಾಲಿನಲ್ಲಿ ಅರ್ಧ ಕಾಣುತ್ತಾರೆ.

ಫೆಬ್ರವರಿ ಎರಡನೇ ಸೋಮವಾರ ಬಸ್ಸು ಬಂತು. ಇಡೀ ಬಡಾವಣೆ ಬೀದಿಗೆ ಬಂದಿತ್ತು. ಡ್ರೈವರು ಆ ಮೂಲೆಯಲ್ಲಿ ಒಂದೇ ಸುತ್ತಿಗೆ ತಿರುಗಿಸಿದಾಗ ಚಕ್ರಪಾಣಿಯವರು, "ನನ್ನ ಸೈಟ್ ಕಣ್ರೀ ಅದು!" ಎಂದು ಎಲ್ಲರಿಗೂ ಕೂಗಿ ಹೇಳಿದರು. ಗುರವ್ವ ಚಕ್ರದ ಮುಂದೆ ತೆಂಗಿನಕಾಯಿ ಒಡೆದು, ಹೋಳನ್ನು ಕೈಯಲ್ಲೇ ಹಿಡಿದು ಹತ್ತಿದಳು. ಶಿಲ್ಪಾ ಶಾಲೆ ಬಿಡದೆ ಆ ವರ್ಷ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದಳು. ಫಸ್ಟ್ ಕ್ಲಾಸ್ ಏನೂ ಅಲ್ಲ, ಆದರೆ ಪಾಸಾದಳು, ಕಾಲೇಜಿಗೂ ಸೇರಿದಳು.

ಪುರಸಭೆ ಹೋಯಿತು. ಮೆಂಬರ್ ಎಂದು ಕರೆಯುವುದನ್ನು ಜನ ಬಿಡಲಿಲ್ಲ. ಆ ವರ್ಷ ಮಳೆಗಾಲದ ಹೊತ್ತಿಗೆ ಸತ್ಯವತಿಯವರ ಮಂಡಿನೋವು ಜಾಸ್ತಿಯಾಗಿ, ವಾರಕ್ಕೊಮ್ಮೆ ವಿಜಯನಗರದ ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗಬೇಕಾಯಿತು. ಬಸ್ಸಿಗೆ ನಮ್ಮಲ್ಲಿ ಎರಡೇ ನಿಲ್ದಾಣ: ತಿರುಗುವ ಮೂಲೆ ಒಂದು, ಬಡಾವಣೆಯ ಬಾಯಲ್ಲಿ ಇನ್ನೊಂದು. ಅವರ ಮನೆ ಸರಿಯಾಗಿ ನಡುವೆ. ಆ ಒಂದು ದಿನ ಕುರ್ಚಿಗಳು ಹೊರಗೆ ಬರುತ್ತಿರಲಿಲ್ಲ. ಆರೂ ನಲವತ್ತರ ಬಸ್ಸಿಗೆ ಬೇಗ ಹೊರಟು, ಆಕೆ ಅವರ ತೋಳು ಹಿಡಿದು, ನಿಂತು ನಿಂತು ಬಡಾವಣೆಯ ಬಾಯಿಯವರೆಗೆ ನಡೆಯುತ್ತಿದ್ದರು.

ಒಂದು ಬುಧವಾರ ಹೊರಡುವುದು ತಡವಾಯಿತು. ಗೇಟಿಗೆ ಬೀಗ ಹಾಕುತ್ತಿದ್ದಾಗಲೇ ಬಸ್ಸು ಮೂಲೆಯಿಂದ ಬಂದು ಅವರ ಮನೆಯ ಮುಂದೆಯೇ ನಿಂತಿತು. ಕಂಡಕ್ಟರ್ ಅಮರೇಶ ಬಾಗಿಲಲ್ಲಿ ಬಗ್ಗಿ ನಿಂತು ಕೈ ಚಾಚಿದ. ರಾಯಚೂರಿನ ಹುಡುಗ.

"ಬರ್ರಿ ಅಮ್ಮಾ, ಹತ್ರಿ. ಡ್ರೈವರ್ ಕೂಡ ಮಾತಾಡೀನಿ. ಇನ್ಮ್ಯಾಲ ಬುಧವಾರ ನಿಮ್ಮ ಬಾಗ್ಲಿಗೇ ನಿಲ್ಲಸ್ತೀವಿ. ಈ ಬಸ್ಸು ತಂದವರಿಗೆ ಇಷ್ಟೂ ಮಾಡ್ಲಿಲ್ಲಂದ್ರ ಹ್ಯಾಂಗ್ರಿ?"

ಒಳಗಿನಿಂದ ಗುರವ್ವ ಕಿಟಕಿಗೆ ಮುಖ ಕೊಟ್ಟಳು. "ಹತ್ರಿ ಅವ್ವಾರ, ಸೀಟು ಹಿಡದೀನಿ!"

ಸತ್ಯವತಿಯವರು ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟೇಬಿಟ್ಟಿದ್ದರು.

"ಅಮರೇಶ," ಎಂದರು ವೆಂಕಟಗಿರಿಯವರು, "ಇಲ್ಲಿಂದ ಬಾಯಿವರೆಗೆ ಇನ್ನೂ ಹನ್ನೊಂದು ಮನೆ ಇದೆಯಪ್ಪ. ಹನ್ನೊಂದ್ರಲ್ಲೂ ಮಂಡಿನೋವಿನವರಿದಾರೆ. ಇವತ್ತು ನನ್ನ ಬಾಗಿಲಿಗೆ ನಿಂತ್ರೆ ನಾಳೆ 'ನಮಗ್ಯಾಕಿಲ್ಲ' ಅಂತಾರೆ, ನ್ಯಾಯವಾಗೇ ಕೇಳ್ತಾರೆ. ಮನೆಗೊಂದು ನಿಮಿಷ ಅಂದ್ರೂ ಅಲ್ಲಿ ಫ್ಯಾಕ್ಟರಿ ಗೇಟು ಮುಚ್ಚಿರುತ್ತೆ."

"ಒಂದ್ ಮನಿಗೆ ಏನಾಕ್ಕೈತ್ರಿ ಸಾರ್..."

ಸತ್ಯವತಿಯವರು ತಲೆ ಎತ್ತಿ ಬಸ್ಸಿನೊಳಗೆ ನೋಡಿದರು. ಗುರವ್ವ ನಗುತ್ತಲೇ ಇದ್ದಳು. ಅವಳ ಪಕ್ಕದವಳು ಮಾತ್ರ ಮಣಿಕಟ್ಟಿನ ವಾಚು ತಿರುಗಿಸಿ ನೋಡಿಕೊಂಡು, ಕೈಯನ್ನು ಮತ್ತೆ ಸೆರಗಿನೊಳಗೆ ಎಳೆದುಕೊಂಡಳು. ಸತ್ಯವತಿಯವರು ಯಾರೂ ಹೇಳದೆಯೇ ಕಾಲನ್ನು ಕೆಳಗಿಟ್ಟರು.

"ನಿಮ್ಮ ನ್ಯಾಯ ಎಲ್ಲಾ ನನ್ನ ಮಂಡಿ ಮೇಲೇ," ಎಂದು ಗಂಡನನ್ನು ಗದರಿ, ಅಮರೇಶನ ಕಡೆ ತಿರುಗಿದರು. "ನೀನು ಹೋಗಪ್ಪ. ನಾವು ನಿನ್ನ ಮುಂದಿನ ಟ್ರಿಪ್ಪಿಗೆ ಬರ್ತೀವಿ. ಸ್ಟಾಪಿನವರೆಗೆ ನಡೀತೀವಿ."

ಅಮರೇಶ ಇನ್ನೂ ಕೈ ಚಾಚಿಕೊಂಡೇ ನಿಂತಿದ್ದ. ವೆಂಕಟಗಿರಿಯವರು ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿದು, ಡ್ರೈವರಿಗೆ ಕೇಳುವಂತೆ ತಾವೇ ಕೂಗಿದರು:

"ರೈಟ್!"